ದಿನದ ಧಮ್ಮ ಚಿಂತನೆ: ವಿಹಾರಯಾತ್ರೆಯೋ, ಧಮ್ಮಯಾತ್ರೆಯೋ?

ಇಂದಿನ ಚಿಂತನೆ ಎಲ್ಲರ ಮನೆಯಲ್ಲೂ ಈಗ ನಡೆಯುತ್ತಿರುವ ಒಂದು ಮಾತಿನ ಬಗ್ಗೆ: ಡಿಸೆಂಬರಿನಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?

ನಮ್ಮ ಸಿದ್ದಾಪುರದಲ್ಲಿ ಈ ತಿಂಗಳು ಬಿಡುವಿಲ್ಲದ ತಿಂಗಳು. ತೋಟಗಳಲ್ಲಿ ಅಡಿಕೆ ಕೊಯ್ಲು, ಶಾಲೆಗಳಲ್ಲಿ ವಾರ್ಷಿಕೋತ್ಸವದ ತಯಾರಿ, ರಾತ್ರಿ ಒಂದಲ್ಲ ಒಂದು ಕಡೆ ಆಟ, ಸುತ್ತಮುತ್ತ ಕಂಬಳ. ಬಾಳೆಬರೆ ಘಾಟಿ ಇಳಿದು ಬರುವ ಟೂರ್ ಬಸ್ಸುಗಳು ಬೆಳಿಗ್ಗೆಯೇ ಹಾಡು ಹಾಕಿಕೊಂಡು ಕುಂದಾಪುರದ ಕಡೆ ಓಡುತ್ತವೆ. ಕ್ರೈಸ್ತ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಇರುತ್ತದೆ. ನಮ್ಮಂಥ ಸರಕಾರಿ ಶಾಲೆಯವರಿಗೆ 25ರ ಒಂದು ದಿನ, ಜೊತೆಗೊಂದು ಭಾನುವಾರ ಸಿಕ್ಕರೆ ಅದೇ ದೊಡ್ಡದು. ಆದರೂ ಎಲ್ಲಾದರೂ ಹೋಗಬೇಕು ಎಂಬ ಆಸೆ ಮಕ್ಕಳಿಗೆ ಒಂದೇ.

ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ಅಭಿಪ್ರಾಯ. ಮಗನಿಗೆ ಮರವಂತೆಯ ಕಡಲು ಸಾಕು. ಮಗಳಿಗೆ ಶಾಲೆಯ ಪ್ರವಾಸದ ಬಸ್ಸಿನಲ್ಲಿ ಗೆಳತಿಯರ ಜೊತೆ ಹೋಗಬೇಕು. ನಮ್ಮ ಮನೆಯವರು ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಹೋಗಿ ಬಂದವರು. "ಬಾಬಾಸಾಹೇಬರ ತಿಂಗಳಲ್ಲಿ ಮೋಜು ಎಂಥದ್ದು?" ಎಂಬುದು ಅವರ ಮಾತು. ನನಗೆ ಅಡ್ಡಾಡುವುದೇ ಇಷ್ಟ, ಆದರೆ ಅವರ ಮಾತನ್ನು ತಳ್ಳಿಹಾಕಲೂ ಆಗುವುದಿಲ್ಲ.

ಇದಕ್ಕೆ 2,200 ವರ್ಷಕ್ಕೂ ಹಿಂದೆಯೇ ಒಬ್ಬರು ಉತ್ತರ ಹುಡುಕಿದ್ದಾರೆ. ಸಾಮ್ರಾಟ ಅಶೋಕ ತನ್ನ ಎಂಟನೆಯ ಬಂಡೆಗಲ್ಲಿನ ಶಾಸನದಲ್ಲಿ ಪ್ರವಾಸದ ವಿಷಯವನ್ನೇ ಹೇಳುತ್ತಾನೆ. ಗುಜರಾತಿನ ಗಿರ್ನಾರಿನಲ್ಲೂ ನಮ್ಮ ಗಡಿಯಾಚೆ ಆಂಧ್ರದ ಎರ್ರಗುಡಿಯಲ್ಲೂ ಈ ಶಾಸನ ಇದೆ. ಅದರ ಸಾರ ಇಷ್ಟು: ಹಿಂದಿನ ರಾಜರು ವಿಹಾರಯಾತ್ರೆಗೆ ಹೋಗುತ್ತಿದ್ದರು. ಬೇಟೆ, ವಿನೋದ ಅದರಲ್ಲಿ ಇರುತ್ತಿದ್ದವು. ಅಶೋಕ ಮಾತ್ರ ಪಟ್ಟಾಭಿಷೇಕವಾಗಿ ಹತ್ತು ವರ್ಷವಾದಾಗ ಸಂಬೋಧಿಗೆ, ಅಂದರೆ ಬುದ್ಧಗಯೆಗೆ ಹೋದ. ಅಲ್ಲಿಂದ ಅವನ ಧಮ್ಮಯಾತ್ರೆ ಶುರುವಾಯಿತು. ಆ ಯಾತ್ರೆಯಲ್ಲಿ ಅವನು ಶ್ರಮಣರನ್ನೂ ಬ್ರಾಹ್ಮಣರನ್ನೂ ಕಂಡು ದಾನ ಕೊಟ್ಟ, ಮುದುಕರನ್ನು ನೋಡಿ ನೆರವಾದ, ಹಳ್ಳಿಯ ಜನರನ್ನು ಭೇಟಿಯಾಗಿ ಅವರೊಡನೆ ಧಮ್ಮದ ಮಾತಾಡಿದ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅಶೋಕ ಸಂತೋಷವನ್ನು ಬಿಡಲಿಲ್ಲ. ಈ ಯಾತ್ರೆಯಲ್ಲಿ ತನಗೆ ಹೆಚ್ಚಿನ ಸಂತೋಷ ಸಿಕ್ಕಿತು ಎಂದೇ ಹೇಳಿಕೊಂಡಿದ್ದಾನೆ. ಎರಡು, ಅವನು ಊರಿನ ಹೆಸರು ಹೇಳಿದ್ದು ಒಂದೇ, ಉಳಿದದ್ದೆಲ್ಲ ಯಾರನ್ನು ಕಂಡೆ ಎಂಬ ಪಟ್ಟಿ. ಬೇಟೆಗೆ ಹೋದ ರಾಜನಿಗೆ ಕಾಣುವುದು ಕೊಲ್ಲಬೇಕಾದ ಜೀವ. ಧಮ್ಮಯಾತ್ರೆಗೆ ಹೋದವನಿಗೆ ಕಾಣುವುದು ಮನುಷ್ಯ. ಎರಡೂ ಯಾತ್ರೆಗಳ ನಡುವಿನ ಗಡಿ ಊರಿನಲ್ಲಿಲ್ಲ, ನೋಟದಲ್ಲಿದೆ.

ಕನ್ನಡ ಪಾಠ ಮಾಡುವವಳಾಗಿ ಇನ್ನೊಂದು ಮಾತು. 'ವಿಹಾರ' ಎಂದರೆ ಅಡ್ಡಾಡಿ ನಲಿಯುವುದೂ ಹೌದು, ಭಿಕ್ಖುಗಳ ವಾಸಸ್ಥಾನವೂ ಹೌದು. ಬೈಲುಕುಪ್ಪೆಗೆ ಹೋದ ಶಾಲಾ ಮಕ್ಕಳನ್ನು ನೋಡಿ. ಹೊನ್ನಿನ ಬಣ್ಣದ ದೊಡ್ಡ ಬುದ್ಧನ ಮುಂದೆ ಸೆಲ್ಫಿ ತೆಗೆದು, ಹತ್ತು ನಿಮಿಷದಲ್ಲಿ ಬಸ್ಸಿಗೆ ಓಡುತ್ತಾರೆ. ತಮ್ಮ ನಾಡು ಬಿಟ್ಟು ಬಂದ ಟಿಬೆಟಿನ ಜನ ಇಲ್ಲಿ ಯಾಕೆ ನೆಲೆಸಿದರು ಎಂದು ಯಾರೂ ಹೇಳಿರುವುದಿಲ್ಲ. ಬುದ್ಧನ ಎದುರಿಗೇ ನಿಂತರೂ ಅದು ವಿಹಾರಯಾತ್ರೆಯಾಗಿಯೇ ಉಳಿಯಬಹುದು.

ಈಗ ಬಾಬಾಸಾಹೇಬರ ಪ್ರವಾಸಗಳಿಗೆ ಬರೋಣ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಅವರ ಆತ್ಮಕಥನದ ಬರಹ ಶುರುವಾಗುವುದೇ ಮಕ್ಕಳ ರಜೆಯ ಪ್ರಯಾಣದಿಂದ. ಸುಮಾರು 1901. ತಂದೆಗೆ ಕೋರೆಗಾಂವಿನಲ್ಲಿ ಕ್ಯಾಷಿಯರ್ ಕೆಲಸ. ಬೇಸಿಗೆ ರಜೆಗೆ ಬನ್ನಿ ಎಂದು ಅವರು ಕರೆದಾಗ ಸಾತಾರದ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಹೊಸ ಅಂಗಿ, ಮಿನುಗುವ ಟೋಪಿ, ಹೊಸ ಚಪ್ಪಲಿ, ರೇಷ್ಮೆ ಅಂಚಿನ ಧೋತರ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಕ್ಕಳು ಮಹಾರರೆಂದು ತಿಳಿದದ್ದೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಗಾಡಿಯವರು ಒಲ್ಲೆ ಎಂದರು. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತಿನ ಮೇಲೆ. ಬುತ್ತಿ ತುಂಬಾ ಇತ್ತು, ನೀರು ಮಾತ್ರ ಸಿಗಲಿಲ್ಲ. ರಾತ್ರಿಯೆಲ್ಲ ಬಾಯಾರಿಕೆಯಲ್ಲೇ ಕಳೆದರು.

ಅದೇ ಬರಹದಲ್ಲಿ 1934ರ ಇನ್ನೊಂದು ಪ್ರವಾಸ ಇದೆ. ಆಗ ಅವರು ದೊಡ್ಡ ವಿದ್ವಾಂಸರು, ನಾಯಕರು. ಸುಮಾರು ಮೂವತ್ತು ಜನರ ಜೊತೆ ವೇರೂಳದ ಗುಹೆಗಳನ್ನು ನೋಡಲು ಹೊರಟು ದಾರಿಯಲ್ಲಿ ದೌಲತಾಬಾದ್ ಕೋಟೆಗೆ ಹೋದರು. ರಂಜಾನ್ ತಿಂಗಳು. ಆ ವರ್ಷ ರಂಜಾನ್ ಬಂದದ್ದು ಚಳಿಗಾಲದಲ್ಲೇ. ಧೂಳು ಹಿಡಿದಿದ್ದ ಕೈಕಾಲು ಮುಖವನ್ನು ಬಾಗಿಲ ಬಳಿಯ ಕೊಳದಲ್ಲಿ ತೊಳೆದುಕೊಂಡರು. ಕೊಳ ಮೈಲಿಗೆಯಾಯಿತೆಂದು ಗಲಾಟೆ ಎದ್ದಿತು. ಕೊನೆಗೆ ಒಳಗೆಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳಲು ಒಬ್ಬ ಸಿಪಾಯಿಯನ್ನು ಜೊತೆಗೆ ಕಳಿಸಿ ಕೋಟೆ ನೋಡಲು ಬಿಟ್ಟರು.

ಸಂವಿಧಾನದ 15(2)ನೇ ವಿಧಿ ಓದುವಾಗ ನನಗೆ ಈ ಎರಡು ಪ್ರವಾಸಗಳು ನೆನಪಾಗುತ್ತವೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಇವಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದು ಎಂದು ಅಲ್ಲಿದೆ. ಒಬ್ಬ ಪ್ರಯಾಣಿಕನಿಗೆ ದಾರಿಯಲ್ಲಿ ಏನೇನು ಬೇಕೋ ಅದೇ ಪಟ್ಟಿ! ನನ್ನ ಅಜ್ಜಿ ಹೋಟೆಲಿನ ಹಿಂಬದಿಯಲ್ಲಿ ನಿಂತು ತೆಂಗಿನ ಗೆರಟೆಯಲ್ಲಿ ಚಾ ಕುಡಿದವರು. ಅವರ ಮರಿಮಗ ಇಂದು ಕುಂದಾಪುರದ ಹೋಟೆಲಿನಲ್ಲಿ ಎಲ್ಲರ ನಡುವೆ ಕುಳಿತು ಮಸಾಲೆ ದೋಸೆ ತಿಂದು, ಕಡಲಲ್ಲಿ ಕಾಲು ಒದ್ದೆ ಮಾಡಿಕೊಂಡು ಬರುತ್ತಾನೆ. ಅದನ್ನು ಬರೀ ಮೋಜು ಎಂದು ಹೇಗೆ ಹೇಳಲಿ? ನಮ್ಮ ಮಕ್ಕಳ ನಲಿವು ಹೋರಾಟದಿಂದ ಸಿಕ್ಕ ಹಕ್ಕು. ಬಾಬಾಸಾಹೇಬರ ತಿಂಗಳಲ್ಲಿ ಮಕ್ಕಳು ನಕ್ಕರೆ ಅವರ ನೆನಪಿಗೆ ಕುಂದಿಲ್ಲ. ನಮ್ಮ ಮನೆಯವರಿಗೂ ಇದನ್ನೇ ಹೇಳಿದೆ, ಒಪ್ಪಿದರು. ಆದರೆ ಆ ಹೋಟೆಲಿನಲ್ಲಿ ಅಜ್ಜಿಯ ಗೆರಟೆಯ ಕಥೆಯನ್ನೂ ಮಗನಿಗೆ ಹೇಳಬೇಕು ಎಂದರು. ನಾನೂ ಒಪ್ಪಿದೆ.

ಇದಕ್ಕಿಂತ ಕಷ್ಟದ್ದು ಶಾಲಾ ಪ್ರವಾಸದ ಪ್ರಶ್ನೆ. ನಮ್ಮ ಜಿಲ್ಲೆಯಿಂದ ಹೊರಡುವ ಬಹುಪಾಲು ಬಸ್ಸುಗಳ ದಾರಿಯಲ್ಲಿ ದೇವಸ್ಥಾನ ಇದ್ದೇ ಇರುತ್ತದೆ. ಮಧ್ಯಾಹ್ನದ ಊಟಕ್ಕೂ ಅಲ್ಲೇ ಅನುಕೂಲ. 22 ಪ್ರತಿಜ್ಞೆ ತೆಗೆದುಕೊಂಡ ಮನೆಯ ಮಗು ಆ ಬಸ್ಸು ಹತ್ತಬಹುದೇ? ನಮ್ಮ ಬಳಗದ ಹಿರಿಯರೊಬ್ಬರು ಬೇಡವೇ ಬೇಡ ಎನ್ನುತ್ತಾರೆ. ಅವರ ಮಾತು ಹಗುರವಲ್ಲ. ಒಮ್ಮೆ ಎಲ್ಲರ ಜೊತೆ ಕೈಮುಗಿದ ಮಗು ಮುಂದಿನ ಸಲ ತಾನಾಗಿಯೇ ಮುಗಿಯುತ್ತದೆ, ಹತ್ತು ವರ್ಷದಲ್ಲಿ ಧಮ್ಮ ಮನೆಯ ಗೋಡೆಯ ಫೋಟೋದಲ್ಲಿ ಮಾತ್ರ ಉಳಿಯುತ್ತದೆ ಎಂಬುದು ಅವರ ಆತಂಕ. ರೂಢಿ ಹಾಗೆಯೇ ಬೆಳೆಯುವುದು, ನಿಜ.

ಆದರೆ ಹೆದರಿಕೆಯೂ ಒಂದು ರೂಢಿಯೇ. "ಅಮ್ಮ, ಅವರೆಲ್ಲ ಹೋತ್ರ್, ನಾನ್ ಎಂತಕೆ ಹೋಪುಕಾಗ?" ಎಂದು ಮಗಳು ಕೇಳಿದಾಗ "ನಾವು ಬೌದ್ಧರು, ಅದಕ್ಕೆ" ಎಂದಷ್ಟೇ ಹೇಳಿದರೆ ಅವಳಿಗೆ ಧಮ್ಮ ಎಂದರೆ ಮುಚ್ಚಿದ ಬಾಗಿಲು ಎಂದಾಗುತ್ತದೆ. ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದೇನು? ಪರಂಪರೆಯಿಂದ ಬಂದಿದೆ ಎಂದೋ, ಗ್ರಂಥದಲ್ಲಿದೆ ಎಂದೋ, ಗುರು ಹೇಳಿದರೆಂದೋ ಒಪ್ಪಬೇಡಿ, ನಿಮ್ಮ ಅನುಭವದಲ್ಲಿ ಒಳಿತೋ ಕೆಡುಕೋ ಎಂದು ತಿಳಿದು ನಡೆಯಿರಿ ಎಂದರು. ಅದು ಬೇರೆಯವರ ನಂಬಿಕೆಗೆ ಮಾತ್ರ ಹಿಡಿಯುವ ಕನ್ನಡಿಯಲ್ಲ, ತಾಯಿಯ ಆಜ್ಞೆಗೂ ಹಿಡಿಯಬೇಕಾದದ್ದು. ಪ್ರತಿಜ್ಞೆಯನ್ನು ನಾನು ಪ್ರಾಯಕ್ಕೆ ಬಂದು, ಯೋಚಿಸಿ ತೆಗೆದುಕೊಂಡೆ. ಮಗಳೂ ಯೋಚಿಸಿಯೇ ತೆಗೆದುಕೊಳ್ಳಲಿ.

ಹಾಗೆಂದು ಅವಳನ್ನು ಗುಂಪಿನ ಒತ್ತಡಕ್ಕೆ ಬಿಟ್ಟುಬಿಡುವುದೂ ಸ್ವಾತಂತ್ರ್ಯವಲ್ಲ. ಇಲ್ಲಿ ಸಂವಿಧಾನ ನಮ್ಮ ಜೊತೆಗಿದೆ. 28(3)ನೇ ವಿಧಿಯ ಪ್ರಕಾರ ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆ ಇಲ್ಲದೆ ಪೂಜೆ, ಪ್ರಾರ್ಥನೆಗೆ ಹಾಜರಾಗುವಂತೆ ಮಾಡುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಜಗಳವಿಲ್ಲದೆ, ಒಂದು ಚೀಟಿಯಲ್ಲಿ ಬರೆದು ಕೊಡಬಹುದು: ನಮ್ಮ ಮಗು ಪ್ರವಾಸಕ್ಕೆ ಬರುತ್ತಾಳೆ, ಕಟ್ಟಡ, ಶಿಲ್ಪ, ಶಾಸನ ಎಲ್ಲ ನೋಡುತ್ತಾಳೆ. ದರ್ಶನದ ಸರತಿಗೆ ಒತ್ತಾಯ ಬೇಡ, ಯಾಕೆಂದು ಎಲ್ಲರೆದುರು ಕೇಳುವುದೂ ಬೇಡ. ಟೀಚರ್ ಆಗಿ ಹೇಳುತ್ತೇನೆ, ಹೀಗೆ ಮೊದಲೇ ತಿಳಿಸಿದರೆ ಹೆಚ್ಚಿನ ಶಿಕ್ಷಕರು ಗೌರವದಿಂದಲೇ ನಡೆದುಕೊಳ್ಳುತ್ತಾರೆ. ಮಗಳು ಈ ಸಲ ಹಾಗೆಯೇ ಹೋಗುತ್ತಾಳೆ. ಒಳಗೆ ಹೋಗಿ ನೋಡಬೇಕೆನಿಸಿದರೆ ನೋಡಲಿ. ಬಂದ ಮೇಲೆ ಏನು ಕಂಡೆ, ಏನು ಅನಿಸಿತು ಎಂದು ಕೇಳುತ್ತೇನೆ. ಅವಳ ಉತ್ತರ ನನಗೆ ಇಷ್ಟವಾಗದಿದ್ದರೂ ಕೇಳಿಸಿಕೊಳ್ಳಬೇಕು. ನನಗೆ ಕಷ್ಟವಾಗುವುದು ಇದೇ.

ಅದೇ ಬಸ್ಸಿನ ಬಗ್ಗೆ ಇನ್ನೊಂದು ಮಾತು. ಪ್ರವಾಸದ ದಿನ ತರಗತಿಯಲ್ಲಿ ಇಬ್ಬರು ಮೂವರಿಗೆ ಹೊಟ್ಟೆನೋವು ಬರುತ್ತದೆ. ಅದು ಹೊಟ್ಟೆನೋವಲ್ಲ, ಕೊಡಲು ಹಣವಿಲ್ಲ. ಬಸ್ಸಿನಲ್ಲಿ ಕೂತ ಮಗುವಿಗೆ ಉಳಿದವರ ನೆನಪು ಬರುವ ಹಾಗೆ ನಾವು ಬೆಳೆಸಿದ್ದೇವೆಯೇ? ನಮ್ಮ ಮನೆಯ ಪ್ರವಾಸದ ಖರ್ಚಿನಲ್ಲಿ ಸ್ವಲ್ಪ ಕಡಿಮೆ ಮಾಡಿ, ಯಾರಿಗೂ ಹೇಳದೆ ಇನ್ನೊಂದು ಮಗುವಿನ ಹಣ ಕಟ್ಟಿದರೆ ಅದೇ ದಾನ.

ಕಂಬಳದ ವಿಷಯವೂ ಹೀಗೆಯೇ. ಮಕ್ಕಳು ಕೋಣಗಳ ಓಟ ನೋಡಿ ಕುಣಿಯಲಿ. ಆದರೆ ಹಿಂದೆ ಕಂಬಳದ ಹಿಂದಿನ ರಾತ್ರಿ ಕೊರಗ ಬಂಧುಗಳು ಇದೇ ಚಳಿಯಲ್ಲಿ, ಇಬ್ಬನಿಯಲ್ಲಿ ಡೋಲು ಬಡಿಯುತ್ತ ಕೂರಬೇಕಿತ್ತು ಎಂಬುದನ್ನು ಅವರಿಗೆ ಹೇಳಬೇಕು. ಅವರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ನೇ ಇಸವಿಯ ಕಾಯ್ದೆಯೇ ಬೇಕಾಯಿತು. ಒಬ್ಬರ ಹಬ್ಬ ಇನ್ನೊಬ್ಬರ ಇಬ್ಬನಿಯ ಮೇಲೆ ನಡೆಯುತ್ತಿತ್ತೆಂದು ತಿಳಿದ ಮಗು ಮುಂದೆ ಯಾವ ಹಬ್ಬಕ್ಕೆ ಹೋದರೂ ಅಂಚಿನಲ್ಲಿ ನಿಂತವರನ್ನು ನೋಡುತ್ತದೆ.

ಹಾಗಾದರೆ ಎಲ್ಲಿಗೆ ಹೋಗೋಣ? ಹತ್ತಿರದಲ್ಲಿ ಬೇಕಾದರೆ ಮಂಗಳೂರಿನ ಕದ್ರಿ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ. ಆಳುಪ ಅರಸ ಕುಂದವರ್ಮ ಅದನ್ನು ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದ ಎಂದು ಅದರಲ್ಲಿದೆ. ನಮ್ಮ ಕರಾವಳಿಯಲ್ಲಿ ವಿಹಾರ ಎಂಬ ಮಾತು ಹೊಸದಲ್ಲ ಎಂದು ಮಕ್ಕಳು ಕಣ್ಣಾರೆ ನೋಡಬಹುದು. ಅದೇ ಊರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿ ನಮ್ಮವರ ಮಕ್ಕಳಿಗೆ ಶಾಲೆ ತೆರೆದರು. ತನ್ನ ಶಾಲೆಯಲ್ಲಿ ಓದಿದವರು ದೊಡ್ಡ ಹುದ್ದೆಗೇರಿ, ಅವರ ಕಾರಿನ ಧೂಳು ತನ್ನ ತಲೆಯ ಮೇಲೆ ಬೀಳಬೇಕೆಂಬ ಅವರ ಆಸೆಯ ಮಾತು ನಮ್ಮ ಜಿಲ್ಲೆಗಳಲ್ಲಿ ಹೆಸರಾದದ್ದು. ಪುರಭವನಕ್ಕೂ ಈಗ ಅವರದೇ ಹೆಸರು.

ದೂರ ಹೋಗುವುದಾದರೆ ಇನ್ನೊಂದು ಸಿದ್ದಾಪುರ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನದು. ಅಲ್ಲಿ ಅಶೋಕನ ಸಣ್ಣ ಬಂಡೆಶಾಸನ ಇದೆ. ಅದನ್ನೂ ಪಕ್ಕದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಶಾಸನಗಳನ್ನೂ 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆ ಇರಲಿ, ಸತ್ಯ ಹೇಳಿ, ಶಿಷ್ಯರು ಗುರುಗಳನ್ನು ಗೌರವಿಸಲಿ ಎಂಬುದು ಅದರ ತಿರುಳು. ಒಳ್ಳೆಯ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂದೂ ಅದರಲ್ಲಿದೆ. ಅದರಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಪ್ರಯಾಣದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಕ್ಷರ ಬರೆದ ಲಿಪಿಕಾರನ ಹೆಸರು ಚಪಡ. ನಮ್ಮ ಸಿದ್ದಾಪುರದ ಮಕ್ಕಳು ಘಾಟಿ ಹತ್ತಿ ಆ ಸಿದ್ದಾಪುರಕ್ಕೆ ಹೋಗಿ ಆ ಬಂಡೆಯ ಮುಂದೆ ನಿಲ್ಲಲಿ ಎಂದು ನಾವು ತೀರ್ಮಾನಿಸಿದ್ದೇವೆ. ಮಗನ ಷರತ್ತು ಒಂದೇ, ಅದಕ್ಕೆ ಮೊದಲು ಮರವಂತೆ. ಆಗಲಿ.

ಬಸ್ಸಿನ ಖರ್ಚಿಗೂ ಕಷ್ಟ ಇರುವ ಮನೆಯವರು ಬೇಸರ ಪಡಬೇಡಿ. ಅಶೋಕನ ಪಟ್ಟಿಯಲ್ಲಿ ಮುದುಕರ ಭೇಟಿಯೂ ಇತ್ತಲ್ಲ. ಅದಕ್ಕೆ ಟಿಕೇಟು ಬೇಡ. ಮಕ್ಕಳ ಕೈಗೆ ಒಂದು ನೋಟು ಪುಸ್ತಕ ಕೊಟ್ಟು ನಿಮ್ಮ ಕೇರಿಯ ಅಜ್ಜ ಅಜ್ಜಿಯರ ಹತ್ತಿರ ಕಳಿಸಿ. ನೀವು ಸಣ್ಣವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ, ಶಾಲೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ, ಮೊದಲ ಸಲ ಬಸ್ಸು ಹತ್ತಿದ್ದು ಯಾವಾಗ, ಈ ಮೂರು ಪ್ರಶ್ನೆ ಕೇಳಿ ಬರೆದುಕೊಂಡು ಬರಲಿ. ಡಿಸೆಂಬರ್ 25 ಮಹಾಡಿನಲ್ಲಿ 1927ರಂದು ಮನುಸ್ಮೃತಿ ಸುಟ್ಟ ದಿನ. ಅಂದು ಸಂಜೆ ಬಳಗದ ಸಭೆಯಲ್ಲಿ ಮಕ್ಕಳೇ ಅದನ್ನು ಓದಲಿ.

ನಿಮ್ಮ ಮನೆಯವರು ಎಲ್ಲಿಗೆ ಹೊರಟಿದ್ದೀರಿ, ಅಲ್ಲಿ ಯಾರನ್ನು ಕಾಣುವಿರಿ? ಗುಂಪಿನಲ್ಲಿ ಬರೆಯಿರಿ. ಶಾಲೆಗೆ ಕೊಡುವ ಚೀಟಿಯ ಮಾದರಿ ಬೇಕಾದವರು ಕೇಳಿ, ಬರೆದು ಕಳಿಸುತ್ತೇನೆ.

ಎಲ್ಲ ಮಕ್ಕಳ ಪ್ರಯಾಣ ಸುಖಕರವಾಗಲಿ. ದಾರಿಯಲ್ಲಿ ಯಾರಿಗೂ ನೀರಿಲ್ಲ ಎನ್ನುವಂತಾಗದಿರಲಿ.

ನಮೋ ಬುದ್ಧಾಯ. ಜೈ ಭೀಮ್.