ಸ್ಥಾವರದ ಬಾಳಿಕೆ

ಕಟ್ಟಡ ಬಾಳುವುದು ಕಲ್ಲಿನಿಂದಲೋ, ಅಲ್ಲಿ ನಡೆಯುವ ಕಾಯಕದಿಂದಲೋ ಎಂಬ ಪ್ರಶ್ನೆಗೆ ಭದ್ರಾವತಿ ತಕ್ಕ ನಿದರ್ಶನ. 13ನೇ ಶತಮಾನದ ಹೊಯ್ಸಳ ಶೈಲಿಯ ಲಕ್ಷ್ಮೀನರಸಿಂಹ ದೇವಾಲಯ ಮೂರು ಗರ್ಭಗುಡಿಗಳ ತ್ರಿಕೂಟ. ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲನ್ನು ನಂಬಿ ಬೆಳೆಯಿತು. 1930ರ ದಶಕದ ಕಾಗದ ಕಾರ್ಖಾನೆಯ ಯಂತ್ರಗಳು ನಿಂತಿವೆ.

ಈ ಪ್ರಶ್ನೆಗೆ ಪರಂಪರೆಯಲ್ಲಿ ಎರಡು ಉತ್ತರಗಳಿವೆ. ದೇವಾಲಯದ ಶಾಸ್ತ್ರಗಳಾದ ಆಗಮಗಳು ಜೀರ್ಣೋದ್ಧಾರಕ್ಕೆ ವಿಧಿ ಹೇಳುತ್ತವೆ: ದೇವರ ಕಳೆಯನ್ನು ಕಲಶಕ್ಕೆ ಆವಾಹಿಸಿ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಪೂಜಿಸಿ, ದುರಸ್ತಿಯ ನಂತರ ಮರಳಿ ಪ್ರತಿಷ್ಠಾಪಿಸಬೇಕು. ಅಂದರೆ ಸಾನ್ನಿಧ್ಯ ಕಲ್ಲಿಗೆ ಅಂಟಿದ್ದಲ್ಲ. ಭದ್ರಾವತಿ ಇರುವ ಜಿಲ್ಲೆಯವರೇ ಆದ ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿಯರ ಶರಣ ಪರಂಪರೆ ಇನ್ನೂ ಮುಂದೆ ಹೋಗಿ, ನಿಂತ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನು ಮೇಲಿಟ್ಟು ಕಾಯಕವನ್ನೇ ಪೂಜೆಯಾಗಿಸಿತು. ಆಗಮದ ದೃಷ್ಟಿಯಲ್ಲಿ ಹಳೆಯ ಕಟ್ಟಡಕ್ಕೆ ವಿಧಿಯಿಂದ ಮರುಜೀವ ಸಾಧ್ಯ. ಶರಣರ ಅಳತೆಯಲ್ಲಿ ಕಾಯಕ ನಿಂತ ಕಟ್ಟಡ ಬರಿಯ ಗೋಡೆ.