ಲಾಭ, ಎರಡು, ಮೂರು

ವಿಜ್ಞಾನ ಶಿಕ್ಷಕರ ತರಬೇತಿಯೊಂದರಲ್ಲಿ ಕೇಳಿದ ಮಾತು ಇನ್ನೂ ಗಂಟಲಲ್ಲಿ ಮುಳ್ಳಾಗಿ ನಿಂತಿದೆ. “ಈ ಕಡೆಯ ಮಕ್ಕಳಿಗೆ ಅಳತೆಯ ಕಲ್ಪನೆಯೇ ಇಲ್ಲ. ಅಳೆಯಲು ಬಾರದವರಿಗೆ ಏನೂ ಗೊತ್ತಿಲ್ಲವೆಂದೇ ಅರ್ಥ” ಎಂದರು ಬಂದಿದ್ದ ಅತಿಥಿ. ಆಧಾರಕ್ಕೆ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಹೆಸರು ಹೇಳಿದರು.

ನಾನು ರಾಯಚೂರು ಜಿಲ್ಲೆಯ ಮಲ್ಲಟದವನು. ನಮ್ಮ ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು. ಸೇರಿನ ಬಾಯಿಯನ್ನು ಕೈಯಿಂದ ಸವರುತ್ತಾರೋ, ಕಾಳಿನ ಗೋಪುರವನ್ನು ಹಾಗೇ ಬಿಡುತ್ತಾರೋ ಎಂಬುದರ ಮೇಲೆ ಎಲ್ಲರ ಕಣ್ಣು. ಕೂಲಿಯವರಿಗೆ ಅಳೆಯುವಾಗ ಅವ್ವ ಎಂದೂ ಸವರಲಿಲ್ಲ. ಒಂದು ಸೇರಿನಲ್ಲಿ ಎಷ್ಟು ಹೆಚ್ಚುಕಡಿಮೆಯಾದೀತು, ಅದು ಯಾರ ಪಾಲಿಗೆ ಬೀಳಬೇಕು, ಎರಡೂ ಅವಳಿಗೆ ಗೊತ್ತಿದ್ದವು. ರಸಾಯನಶಾಸ್ತ್ರದ ಮೊದಲ ಪಾಠದಲ್ಲಿ ನಾನು ಕಲಿಸುವುದೂ ಅದರ ಅರ್ಧವನ್ನೇ: ಪ್ರತಿ ಅಳತೆಯಲ್ಲೂ ಅನಿಶ್ಚಿತತೆ ಇರುತ್ತದೆ, ಅದನ್ನು ಮುಚ್ಚಿಡಬಾರದು.

 ಇನ್ನು ಅತಿಥಿ ಹೆಸರಿಸಿದ ಕೆಲ್ವಿನ್. 1883ರಲ್ಲಿ ಸಿವಿಲ್ ಎಂಜಿನಿಯರುಗಳ ಮುಂದೆ ಅವರು ಹೇಳಿದ್ದರ ಸಾರ ಇಷ್ಟು: ನೀವು ಮಾತಾಡುತ್ತಿರುವುದನ್ನು ಅಳೆದು ಅಂಕಿಯಲ್ಲಿ ಹೇಳಬಲ್ಲಿರಾದರೆ ನಿಮಗೆ ಏನೋ ತಿಳಿದಿದೆ, ಇಲ್ಲವಾದರೆ ನಿಮ್ಮ ತಿಳಿವು ಬಡಕಲು.

ಅಂಕಿ ಇದ್ದೂ ತಿಳಿವು ಬಡಕಲಾಗಿರಬಹುದು. ಒಬ್ಬ ವಿದ್ಯಾರ್ಥಿನಿ ಹೊಲದಿಂದ ಗ್ರಾನೈಟ್ ಹರಳೊಂದನ್ನು ತಂದಿದ್ದಳು. ತಕ್ಕಡಿ 25.6 ಗ್ರಾಂ ತೋರಿಸಿತು. ಅಳತೆಜಾಡಿಯ ನೀರಿಗೆ ಹಾಕಿದಾಗ ಮಟ್ಟ 9.5 ಮಿಲಿಲೀಟರ್ ಏರಿತು. ಆ ಅರ್ಧ ಮಿಲಿಲೀಟರನ್ನು ಎರಡು ಗೆರೆಗಳ ನಡುವೆ ಕಣ್ಣಂದಾಜಿನಿಂದ ಓದಿದ್ದಳು. ಭಾಗಿಸಿ ಸಾಂದ್ರತೆ ಬರೆದಳು: 2.694736842. ಕ್ಯಾಲ್ಕ್ಯುಲೇಟರ್ ಕೊಟ್ಟ ಹತ್ತೂ ಅಂಕಿಗಳು ಪುಸ್ತಕದಲ್ಲಿದ್ದವು. ಆದರೆ ಅವಳ ಜಾಡಿ ಹೇಳಬಲ್ಲದ್ದು 2.7ರವರೆಗೆ ಮಾತ್ರ, ಉಳಿದ ಎಂಟು ಅಂಕಿಗಳನ್ನು ಯಾರೂ ಅಳೆದಿಲ್ಲ. ಅಳೆದಷ್ಟೇ ಅಂಕಿಗಳನ್ನು ಬರೆಯಬೇಕೆಂಬ ಸಾರ್ಥಕ ಅಂಕಿಗಳ ನಿಯಮವನ್ನು ಅರ್ಧ ಅಂಕದ ಕಾಟವೆಂದುಕೊಳ್ಳುವವರಿಗೆ ನಾನು ಹೇಳುವುದು ಒಂದೇ: ಕಾಣದ್ದನ್ನು ಕಂಡೆ ಎನ್ನಬೇಡ ಎಂಬ ಮಾತೇ ಅಲ್ಲಿ ನಿಯಮವಾಗಿದೆ.

ಅಂಕಿಯಿದ್ದೂ ಕೆಲ್ವಿನ್ ಸ್ವತಃ ಎಡವಿದರು. ಭೂಮಿ ತಣಿಯುವ ವೇಗವನ್ನು ಲೆಕ್ಕ ಹಾಕಿ, 1897ರ ಹೊತ್ತಿಗೆ ಅದರ ವಯಸ್ಸು 2ರಿಂದ 4 ಕೋಟಿ ವರ್ಷ ಎಂದರು. ಗುಣಾಕಾರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಭೂಮಿಯ ಒಡಲಲ್ಲಿ ಬಿಸಿ ಶಿಲೆ ನಿಧಾನವಾಗಿ ಹರಿದಾಡುತ್ತದೆಂಬುದು ಲೆಕ್ಕದೊಳಗೆ ಬಂದಿರಲಿಲ್ಲ. ಪದರ ಪದರ ಶಿಲೆಗಳನ್ನು ನೋಡಿದ ಭೂವಿಜ್ಞಾನಿಗಳು, ಖಚಿತ ಅಂಕಿ ಕೈಯಲ್ಲಿಲ್ಲದೆಯೂ, ಇಷ್ಟು ಕಾಲ ಸಾಲದು ಎನ್ನುತ್ತಿದ್ದರು. ನಮ್ಮ ಜಿಲ್ಲೆಯ ಹಟ್ಟಿಯ ಚಿನ್ನದ ಬಂಡೆಗಳಿಗೇ 250 ಕೋಟಿ ವರ್ಷ ದಾಟಿದೆ.

ಗೆದ್ದೆ ಎಂದುಕೊಂಡು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ 250 ಕೋಟಿ ಎಲ್ಲಿಂದ ಬಂತು? ವಿಕಿರಣಶೀಲ ಧಾತುಗಳನ್ನು ಅಳೆದದ್ದರಿಂದ. ಕೆಲ್ವಿನ್‌ರ ಅಂಕಿಯನ್ನು ಕೆಡವಿದ್ದು ಇನ್ನೊಂದು ಅಂಕಿಯೇ. ಇದನ್ನು ಒಪ್ಪಲೇಬೇಕು.

ಇನ್ನೂ ಒಂದು ಒಪ್ಪಬೇಕು. ರಾಯಚೂರು ಜಿಲ್ಲೆಯ ಹಲವು ಊರುಗಳಲ್ಲಿ ಗ್ರಾನೈಟ್ ಸವೆದು ಬೋರ್‌ವೆಲ್ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಕಾಳಿನ ಗೋಪುರ ಕಂಡ ಅವ್ವನ ಕಣ್ಣಿಗೂ ಅದು ಕಾಣದು. ಮಕ್ಕಳ ಹಲ್ಲು ಕಂದಿದಾಗ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ. ಅಂಕಿಯಿಲ್ಲದೆ ಇಲ್ಲಿ ತಿಳಿವೇ ಇಲ್ಲ.

ಹಾಗಾದರೆ ಅಂಕಿ ಸಾಕೇ? ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಪರೀಕ್ಷೆಯಲ್ಲಿ 1.4 ಬಂತೆನ್ನಿ. ನೀರು ಪಾಸಾಯಿತು. ಈಗ ಒಂಬತ್ತನೇ ತರಗತಿಯ ಹುಡುಗಿಯೂ ಮಾಡಬಲ್ಲ ಲೆಕ್ಕ. ಮಿಲಿಗ್ರಾಂ ಪ್ರತಿ ಲೀಟರ್ ಎಂಬುದನ್ನು ಲೀಟರಿನಿಂದ ಗುಣಿಸಿದರೆ ಲೀಟರ್ ಹೊಡೆದುಹೋಗಿ ಮಿಲಿಗ್ರಾಂ ಉಳಿಯುತ್ತದೆ. ನೆರಳಲ್ಲಿ ಕೂತು 2 ಲೀಟರ್ ಕುಡಿದವರ ಹೊಟ್ಟೆಗೆ 2.8 ಮಿಲಿಗ್ರಾಂ. ಏಪ್ರಿಲ್ ಬಿಸಿಲಲ್ಲಿ ಹೊಲದ ಕೆಲಸ ಮಾಡಿ 6 ಲೀಟರ್ ಕುಡಿದವಳ ಹೊಟ್ಟೆಗೆ 8.4. ಒಂದೇ ನೀರು, ಒಂದೇ ವರದಿ, ದೇಹ ಸೇರುವುದು ಮೂರು ಪಟ್ಟು. ಮಿತಿ ಗೊತ್ತುಪಡಿಸುವಾಗ ಜನ ಎಷ್ಟು ನೀರು ಕುಡಿಯುತ್ತಾರೆಂದು ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಅಂಕಿಗಿಂತ ಮೊದಲು ತಿಳಿವು ಬರುತ್ತದೆಂದು ಸಾಧಿಸಲು ಹೊರಟವನು ನಾನು. ಹೊಲದಲ್ಲಿ ದುಡಿಯುವವರಿಗೆ ದಾಹ ಹೆಚ್ಚು ಎಂದು ತಿಳಿಯಲು ಅಂಕಿ ಬೇಕಿರಲಿಲ್ಲ, ನಿಜ. ಆದರೆ ಎಷ್ಟು ಹೆಚ್ಚು ಎಂದು ಹೇಳಲು ಅವರು ಕುಡಿದ ನೀರನ್ನು ಅಳೆಯಬೇಕು, ಅಂದರೆ ಕೆಲ್ವಿನ್ ಬಳಿಗೇ ಮರಳಬೇಕು. ಯಾವುದನ್ನು ಅಳೆಯಬೇಕೆಂದು ಅವ್ವನಂಥವರು ತೋರಿಸುತ್ತಾರೆ, ಎಷ್ಟೆಂದು ಜಾಡಿ ಹೇಳುತ್ತದೆ. ಯಾವುದು ಮೊದಲು ಎಂದು ಈಗ ಖಚಿತವಾಗಿ ಹೇಳಲಾರೆ.

ನಿಮ್ಮೂರಿನ ನೀರಿನ ವರದಿ ಕೈಗೆ ಬಂದಾಗ ಅಲ್ಲಿರುವ ಅಂಕಿಯನ್ನು ಓದಿ. ಆಮೇಲೆ ಹೊಲದಿಂದ ಬಂದವರನ್ನು ಕೇಳಿ, ಇವತ್ತು ಎಷ್ಟು ತಂಬಿಗೆ ಕುಡಿದಿರಿ ಎಂದು. ಅದನ್ನೂ ಪಕ್ಕದಲ್ಲಿ ಬರೆದಿಡಿ.