ಹೊಸದಾಗಿ ಬಂದವರ ಮನೆ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 18:1-11

ಕೂತ್ಕೊಳ್ಳಿ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಜಾಗ ಇದೆ.

ಈ ವಾರ ನಮ್ಮ ಸಭೆಯಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ದುಬೈಗೆ ಹೋಗ್ತಾ ಇದೆ. ಸಹೋದರ, ಸಹೋದರಿ, ಇಬ್ಬರೂ ಇಲ್ಲೇ ಕೂತಿದ್ದಾರೆ. ಎಲ್ಲರೂ "ಕಂಗ್ರಾಟ್ಸ್" ಹೇಳಿದ್ದೀರಿ. ವೀಸಾ ಬಂದಾಗ ಗ್ರೂಪಿನಲ್ಲಿ ಎಷ್ಟು "ಆಮೆನ್" ಬಂತು ಅಂತ ನಾನೂ ನೋಡಿದೆ. ಸಂತೋಷ. ದೇವರಿಗೆ ಸ್ತೋತ್ರ. ಆದರೆ ವಿಮಾನ ಇಳಿದ ಮೇಲಿನ ಮೊದಲ ಹತ್ತು ದಿನದ ಬಗ್ಗೆ ನಮ್ಮ ಸಭೆಗಳಲ್ಲಿ ಯಾರೂ ಮಾತಾಡೋದಿಲ್ಲ. ಇವತ್ತು ಅದರ ಬಗ್ಗೆ ಮಾತಾಡೋಣ.

18ನೇ ಅಧ್ಯಾಯ, ಎರಡನೇ ವಚನ ತೆಗೆಯಿರಿ. ಪೌಲನು ಅಥೇನೆಯಿಂದ ಕೊರಿಂಥಕ್ಕೆ ಬರ್ತಾನೆ. ಅಲ್ಲಿ ಅವನಿಗೆ ಗಂಡ ಹೆಂಡತಿ ಇಬ್ಬರು ಸಿಗ್ತಾರೆ. ಅಕ್ವಿಲ, ಪ್ರಿಸ್ಕಿಲ್ಲ. ಅವರು ಇತಲ್ಯದಿಂದ ಸ್ವಲ್ಪ ಕಾಲದ ಹಿಂದಷ್ಟೇ ಬಂದಿದ್ದರು ಅಂತ ಲೂಕನು ಬರೀತಾನೆ. ಆ ಮಾತಿಗೆ ಒಂದು ಗೆರೆ ಎಳೀರಿ. ಈಗಷ್ಟೇ ಬಂದವರು. ಇನ್ನೂ ಸಾಮಾನು ಪೂರ್ತಿ ಬಿಚ್ಚಿಲ್ಲ.

ಯಾಕೆ ಬಂದರು? ಆಫರ್ ಲೆಟರ್ ಬಂತು ಅಂತಲ್ಲ. ಕ್ಲೌದ್ಯ ಚಕ್ರವರ್ತಿ ಯೆಹೂದ್ಯರೆಲ್ಲ ರೋಮಾಪುರ ಬಿಟ್ಟು ಹೋಗಬೇಕು ಅಂತ ಅಪ್ಪಣೆ ಕೊಟ್ಟ. ಸಾಮಾನ್ಯವಾಗಿ ಕ್ರಿ.ಶ. 49 ಅಂತ ಇದಕ್ಕೆ ವರ್ಷ ಹೇಳ್ತಾರೆ. ಸುವೆಟೋನಿಯಸ್ ಅನ್ನುವ ರೋಮಿನ ಇತಿಹಾಸಕಾರನೂ ಈ ಹೊರಹಾಕುವಿಕೆಯನ್ನ ಬರೆದಿದ್ದಾನೆ. ಇನ್ನೊಂದು ವಿಷಯ ನೋಡಿ. ಅಕ್ವಿಲ ಹುಟ್ಟಿದ್ದು ರೋಮಿನಲ್ಲೂ ಅಲ್ಲ, ಪೊಂತದಲ್ಲಿ. ಅಂದ್ರೆ ಕಪ್ಪು ಸಮುದ್ರದ ದಕ್ಷಿಣ ದಂಡೆ, ಇವತ್ತಿನ ಟರ್ಕಿ. ಪೊಂತದಿಂದ ರೋಮ್, ರೋಮಿನಿಂದ ಕೊರಿಂಥ. ಎರಡು ಸಲ ಪರದೇಶಿ ಆದ ಮನುಷ್ಯ ಅವನು.

ಪ್ರಿಯರೇ, ವೀಸಾ ಬಂದರೆ ಆಶೀರ್ವಾದ, ರಿಜೆಕ್ಟ್ ಆದರೆ ಶಾಪ ಅಂತ ನಾವು ಹೇಳಿಬಿಡ್ತೀವಿ. ಅಕ್ವಿಲನ ವಿಷಯದಲ್ಲಿ ಅದನ್ನ ಹೇಗೆ ಹೇಳ್ತೀರಿ? ಅವನನ್ನ ಓಡಿಸಿದರು. ಮನೆ ಹೋಯ್ತು, ಗಿರಾಕಿಗಳು ಹೋದರು. ಹಾಗೆ ಹೋದ ಊರಿನಲ್ಲೇ ಕರ್ತನು ಅವರನ್ನ ಉಪಯೋಗಿಸಿದ. ಸ್ಟಾಂಪ್ ನೋಡಿ ದೇವರ ಪ್ರೀತಿಯನ್ನ ಅಳೆಯಬೇಡಿ.

ಕೊರಿಂಥ ಎಂಥ ಊರು? ಎರಡೂ ಕಡೆ ಬಂದರು. ಪಶ್ಚಿಮಕ್ಕೆ ಲೆಖೆಯೊನ್, ಪೂರ್ವಕ್ಕೆ ಕೆಂಖ್ರೆ. ಹಳೇ ಊರನ್ನ ರೋಮಿನವರೇ ನಾಶ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಯೂಲಿಯಸ್ ಸೀಸರ್ ಮತ್ತೆ ಕಟ್ಟಿಸೋಕೆ ಆಜ್ಞೆ ಕೊಟ್ಟ. ಆಮೇಲೆ ಹೊರಗಿಂದ ಜನ ಬಂದು ತುಂಬಿಕೊಂಡರು. ಹಡಗು, ದುಡ್ಡು, ನೂರು ಭಾಷೆ. ದುಬೈ ನೋಡಿದವರಿಗೆ ಇದು ಹೊಸದು ಅನಿಸಲ್ಲ.

ಈಗ ನನ್ನ ಸಾಕ್ಷಿ ಹೇಳ್ತೀನಿ. ನಮ್ಮ ಮನೆಯವಳ ಅನುಮತಿ ಕೇಳಿಕೊಂಡೇ ಹೇಳ್ತಾ ಇದ್ದೀನಿ.

2016ರಲ್ಲಿ, ಮದುವೆಯಾದ ನಾಲ್ಕನೇ ತಿಂಗಳು, ನಾವು ಇಬ್ಬರೂ ದುಬೈಗೆ ಹೋದ್ವಿ. ನನಗೆ ಕೆಲಸದ ವೀಸಾ, ಅವಳಿಗೆ ವಿಸಿಟ್ ವೀಸಾ. ದೇರಾದಲ್ಲಿ ಒಂದು ರೂಮು. ರೂಮು ಅಂದ್ರೆ, ಒಂದು ಹಾಲನ್ನ ಪ್ಲೈವುಡ್ ಹಾಕಿ ಮೂರು ಮಾಡಿದ್ದರು. ಮೂರು ಕುಟುಂಬಕ್ಕೆ ಒಂದೇ ಅಡುಗೆಮನೆ. ಫ್ರಿಜ್ಜಿನಲ್ಲಿ ನಮಗೆ ಒಂದೇ ತಟ್ಟೆ. ಬೆಳಿಗ್ಗೆ ಆರರಿಂದ ಆರೂವರೆ ಗ್ಯಾಸ್ ನಮ್ಮದು.

ನನ್ನ ಹೆಂಡತಿ ಅಂಗಡಿಗೆ ಹೋದರೆ ಎಲ್ಲಾ ಬೆಲೆಯನ್ನ ಹದಿನೆಂಟರಿಂದ ಗುಣಿಸ್ತಾ ಇದ್ದಳು. ಆಗ ಒಂದು ದಿರ್ಹಂ ಅಂದ್ರೆ ಹದಿನೆಂಟು ರೂಪಾಯಿ ಚಿಲ್ಲರೆ. ಕೊತ್ತಂಬರಿ ಸೊಪ್ಪು ಎತ್ತೋದು, ಗುಣಿಸೋದು, ವಾಪಸ್ ಇಡೋದು. ಮೊದಲ ಸಲ ಮೆಟ್ರೋ ಹತ್ತಿದಾಗ ನಾನು ಅವಳ ಹಿಂದೆಯೇ ಹೆಂಗಸರ ಭಾಗಕ್ಕೆ ನುಗ್ಗಿಬಿಟ್ಟೆ. ಅಲ್ಲಿ ಗಂಡಸರಿಗೆ 100 ದಿರ್ಹಂ ದಂಡ. ಯಾರೋ ಒಬ್ಬ ತಾಯಿ ಕೈ ತೋರಿಸಿದರು, ಓಡಿ ಈಚೆ ಬಂದೆ. ಆ ರಾತ್ರಿ ಅದನ್ನ ನೆನೆಸಿಕೊಂಡು ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಆ ತಿಂಗಳಿನಲ್ಲಿ ನಾವು ನಕ್ಕದ್ದು ಅದೊಂದೇ ಸಲ ಇರಬೇಕು.

ಯಾಕಂದ್ರೆ, ಕೆಲಸಕ್ಕೆ ಸೇರಿದ ಮೇಲೆ ಆಫೀಸಿನಲ್ಲಿ ಹೇಳಿದರು, ಮೊದಲ ತಿಂಗಳ ಸಂಬಳ ಈಗ ಬರಲ್ಲ, ಎರಡನೇ ತಿಂಗಳ ಜೊತೆ ಸೇರಿಸಿ ಕೊಡ್ತೀವಿ ಅಂತ. ನಾನು ಹೆಂಡತಿಗೆ ಹೇಳಲಿಲ್ಲ. ಮಾವ ಫೋನ್ ಮಾಡಿದರೆ, "ದೇವರ ಕೃಪೆಯಿಂದ ಎಲ್ಲಾ ಚೆನ್ನಾಗಿದೆ ಮಾವ" ಅಂದೆ. ನೋಡಿ, ದೇವರ ಕೃಪೆಯ ಹೆಸರಿನಲ್ಲಿ ಸುಳ್ಳು ಹೇಳಿದೆ. ಬುರ್ಜ್ ಖಲೀಫಾ ಮುಂದೆ ನಿಂತು ಫೋಟೋ ಹಾಕಿದೆ. ಅದೇ ವಾರ ಆಫೀಸಿನ ಹುಡುಗನ ಹತ್ತಿರ 500 ದಿರ್ಹಂ ಸಾಲ ತಗೊಂಡೆ.

ಒಂದು ರಾತ್ರಿ ಅವನು ಫೋನ್ ಮಾಡಿದ. ನಾನು ಸ್ನಾನಕ್ಕೆ ಹೋಗಿದ್ದೆ, ಅವಳು ಎತ್ತಿದಳು. ನಾನು ಬಂದು ನೋಡಿದರೆ ಮಂಚದ ಮೇಲೆ ಸುಮ್ಮನೆ ಕೂತಿದ್ದಾಳೆ. ನಾನೇ ಜೋರು ಮಾಡಿದೆ. ತಪ್ಪು ನಂದು, ದನಿಯೂ ನಂದೇ. ನಿನಗೆ ಟೆನ್ಷನ್ ಆಗಬಾರದು ಅಂತ ಹೇಳಲಿಲ್ಲ, ನಿನಗೇನು ಗೊತ್ತು, ಅಂತೆಲ್ಲ ಕೂಗಿದೆ. ಅವಳು ಒಂದೇ ಮಾತು ಹೇಳಿದಳು: "ರೀ, ಊರಿಂದ ಇಬ್ಬರು ಹೊರಟ್ವಿ. ಇಲ್ಲಿಗೆ ಬಂದಮೇಲೆ ನೀವು ಒಬ್ಬರೇ ಇದ್ದೀರಿ. ನಾನು ಎಲ್ಲಿದ್ದೀನಿ?"

ಆ ರಾತ್ರಿ ನನಗೆ ನಿದ್ದೆ ಇಲ್ಲ. ಪ್ರಾರ್ಥನೆ ಮಾಡೋಕೆ ಬಾಯಿ ತೆರೆದರೆ ಮಾತು ಬರ್ತಾ ಇಲ್ಲ.

ಬೆಳಿಗ್ಗೆ ಬಾಗಿಲು ತಟ್ಟಿದರು. ಪ್ಲೈವುಡ್‌ನ ಆಚೆ ಕಡೆಯ ಮಲಯಾಳಿ ಅಕ್ಕ. ನರ್ಸ್ ಅವರು, ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದರು. ಕೈಯಲ್ಲಿ ಪುಟ್ಟು, ಕಡಲೆ ಕರಿ. ಅವರ ಗಂಡ ನಮ್ಮ ಜಗಳ ಪೂರ್ತಿ ಕೇಳಿಸಿಕೊಂಡಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತೋಕೆ ಆಗಲಿಲ್ಲ. ಆ ಅಕ್ಕ ಹರಕು ಮುರುಕು ಹಿಂದಿಯಲ್ಲಿ ಹೇಳಿದರು, "ನಾವು ಬಂದು ಮೂರೇ ತಿಂಗಳು. ನಾವೂ ಹೀಗೇ ಜಗಳ ಆಡಿದ್ವಿ. ತಿನ್ನಿ, ಆಮೇಲೆ ಮಾತಾಡೋಣ."

ಮೂರೇ ತಿಂಗಳು! ಅವರೂ ಹೊಸಬರೇ. ಅವರಿಗೂ ಸಾಲ ಇತ್ತು. ಆ ಶುಕ್ರವಾರ ಅವರೇ ನಮ್ಮನ್ನ ಊದ್ ಮೇಥಾದ ಚರ್ಚ್ ಕಾಂಪೌಂಡಿಗೆ ಕರ್ಕೊಂಡು ಹೋದರು. ಆಗ ಅಲ್ಲಿ ಶುಕ್ರವಾರ, ಶನಿವಾರ ರಜೆ. ಶನಿವಾರ, ಭಾನುವಾರ ಆಗಿದ್ದು 2022ರಿಂದ. ಒಂದು ಕೋಣೆಯಲ್ಲಿ ಮಲಯಾಳಂ, ಪಕ್ಕದಲ್ಲಿ ತಮಿಳು, ಅದರಾಚೆ ಫಿಲಿಪ್ಪೀನ್ಸ್‌ನವರು. ನಮಗೆ ಭಾಷೆ ಅರ್ಧ ಅರ್ಥ ಆಗಲಿಲ್ಲ. ಆದರೆ ಪವಿತ್ರಾತ್ಮನು ನನ್ನನ್ನ ಅಲ್ಲಿ ಮುರಿದ. ಹಲ್ಲೆಲೂಯ. ಆವತ್ತು ಸಂಜೆ ನಾನು ಹೆಂಡತಿಯ ಕೈ ಹಿಡ್ಕೊಂಡು ಕ್ಷಮೆ ಕೇಳಿದೆ. ಮಾವನಿಗೂ ಫೋನ್ ಮಾಡಿ ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡಿದ್ರಾ?" ಅಂದರು. ಅಷ್ಟೇ.

ಈಗ ವಾಕ್ಯಕ್ಕೆ ಬನ್ನಿ. ಮೂರು ಮಾತು ಬರೆದುಕೊಳ್ಳಿ.

ಒಂದು, ಇಬ್ಬರಾಗಿಯೇ ಇರಿ. ಹೊಸ ಒಡಂಬಡಿಕೆಯಲ್ಲಿ ಅಕ್ವಿಲನ ಹೆಸರು ಆರು ಕಡೆ ಬರುತ್ತೆ. ಆರು ಕಡೆಯೂ ಪ್ರಿಸ್ಕಿಲ್ಲ ಜೊತೆಗಿದ್ದಾಳೆ. ಒಂದು ಕಡೆಯೂ ಅವನೊಬ್ಬನೇ ಇಲ್ಲ. ಹೊಸ ಊರಿನಲ್ಲಿ ಭಾರ ಹೊರೋದು ಗಂಡಸುತನ, ಮುಚ್ಚಿಡೋದು ಪ್ರೀತಿ ಅಂತ ನಮಗೆ ಅನಿಸುತ್ತೆ. ಸುಳ್ಳು. ಸಹೋದರಾ, ಸಂಬಳ ಬರಲಿಲ್ಲ ಅಂದ್ರೆ ಮೊದಲು ಅವಳಿಗೆ ಹೇಳು. ಸಹೋದರೀ, ಒಂಟಿ ಅನಿಸಿದರೆ ಸ್ಟೇಟಸ್‌ನಲ್ಲಿ ಹಾಕುವ ಮೊದಲು ಅವನಿಗೆ ಹೇಳು.

ಎರಡು, ಕೈಯಲ್ಲಿರುವ ಕೆಲಸ ಹಿಡಿಯಿರಿ. ಅವರು ಗುಡಾರ ಮಾಡುವವರು. ಪೌಲನೂ ಅದೇ ಕಸಬಿನವನು ಅಂತಲೇ ಅವರ ಮನೆಯಲ್ಲಿ ಉಳಿದ. ಅವನು ಒಂದೂವರೆ ವರ್ಷ ಆ ಊರಲ್ಲಿ ಸುವಾರ್ತೆ ಸಾರಿದ. ಅದರ ಶುರು ಎಲ್ಲಿ? ಸೂಜಿ ದಾರ ಹಿಡಿದು ಕೂತ ಜಾಗದಲ್ಲಿ. ಇಲ್ಲಿ ಟೀಮ್ ಲೀಡ್ ಆಗಿದ್ದೆ, ಅಲ್ಲಿ ಬಿಲ್ಲಿಂಗ್ ಕೌಂಟರಾ ಅಂತ ಸಂಕೋಚ ಬೇಡ.

ಮೂರು, ಬಾಗಿಲು ತೆರೆಯಿರಿ. ನಾವು ಅಂತೀವಿ, ಮೊದಲು ಸೆಟ್ಲ್ ಆಗೋಣ, ಎರಡು ಬೆಡ್‌ರೂಮ್ ಮನೆ ಆಗಲಿ, ಆಮೇಲೆ ಜನರನ್ನ ಕರೆಯೋಣ. ಈಗಷ್ಟೇ ಬಂದ ಇವರು ಇನ್ನೊಬ್ಬ ಹೊಸಬನನ್ನ ಒಳಗೆ ಕರೆದರು. ಆ ಹೊಸಬ ಎಂಥ ಸ್ಥಿತಿಯಲ್ಲಿದ್ದ ಗೊತ್ತಾ? ಒಂದನೇ ಕೊರಿಂಥ 2:3ರಲ್ಲಿ ಅವನೇ ಒಪ್ಪಿಕೊಳ್ತಾನೆ, ನಿಮ್ಮ ಹತ್ತಿರ ಬಂದಾಗ ಬಲಹೀನನಾಗಿ, ಭಯದಿಂದ ನಡುಗ್ತಾ ಇದ್ದೆ ಅಂತ. ಪೌಲನಿಗೇ ನಡುಕ! ಮುಂದೆ ರಾತ್ರಿ ದರ್ಶನದಲ್ಲಿ ಕರ್ತನು ಅವನಿಗೆ ಭಯಪಡಬೇಡ ಅಂದ, ಈ ಊರಲ್ಲಿ ನನ್ನವರು ಬಹಳ ಜನ ಇದ್ದಾರೆ ಅಂದ. ಆ ಮಾತು ಕೇಳುವ ಮೊದಲೇ ಅವನಿಗೆ ಅಂಥ ಇಬ್ಬರು ಸಿಕ್ಕಿದ್ದರು. ಮುಂದೆ ಎಫೆಸದಲ್ಲೂ ರೋಮಿನಲ್ಲೂ ಇವರ ಮನೆಯಲ್ಲೇ ಸಭೆ ಸೇರ್ತಾ ಇತ್ತು.

ಇನ್ನೊಂದು ಮಾತು, ಎಲ್ಲೂ ಹೋಗದೆ ಇಲ್ಲೇ ಇರುವ ನಿಮಗೆ. ಬೆಂಗಳೂರು ನಮಗೆ ಊರು. ನಿಮ್ಮ ಪಿಜಿಯ ಪಕ್ಕದ ರೂಮಿಗೆ ಮೊನ್ನೆ ಬಂದ ಹುಡುಗಿಗೆ, ನಿಮ್ಮ ಬಿಲ್ಡಿಂಗಿನ ವಾಚ್‌ಮನ್ ಹೆಂಡತಿಗೆ, ಇದೇ ಪರದೇಶ. ಅವರಿಗೆ ಕನ್ನಡ ಬರಲ್ಲ ಅಂತ ರೇಗ್ತೀರೋ, ತಟ್ಟೆ ಹಿಡ್ಕೊಂಡು ಬಾಗಿಲು ತಟ್ಟುತ್ತೀರೋ? ಆ ಅಕ್ಕ ನನಗೆ ಪ್ರಸಂಗ ಮಾಡಲಿಲ್ಲ. ಪುಟ್ಟು ಕೊಟ್ಟರು. ಮೂರು ವರ್ಷ ಆದಮೇಲೆ ನಾನು ವಾಪಸ್ ಬಂದು ಬೈಬಲ್ ಕಾಲೇಜಿಗೆ ಸೇರಿದೆ ಅಂದ್ರೆ, ಅದಕ್ಕೆ ಬೀಜ ಬಿದ್ದದ್ದು ಆ ಬೆಳಿಗ್ಗೆ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಮನೆಯವರಿಗೆ, ಗಂಡನಿಗೆ, ಹೆಂಡತಿಗೆ ಏನಾದರೂ ಮುಚ್ಚಿಟ್ಟಿದ್ದರೆ, ಇವತ್ತು ರಾತ್ರಿ ಒಳಗೆ ಹೇಳ್ತೀನಿ ಅಂತ ಕರ್ತನ ಮುಂದೆ ತೀರ್ಮಾನ ಮಾಡಿ. ಹೊರಡ್ತಾ ಇರುವ ನೀವಿಬ್ಬರೂ ಮುಂದೆ ಬನ್ನಿ, ಹಿರಿಯರು ಕೈ ಇಟ್ಟು ಪ್ರಾರ್ಥಿಸ್ತಾರೆ.

ತಂದೆಯೇ, ಈ ಮಕ್ಕಳು ಇಬ್ಬರಾಗಿ ಹೋಗ್ತಾ ಇದ್ದಾರೆ, ಇಬ್ಬರಾಗಿಯೇ ಇಡು. ಗೊತ್ತಿಲ್ಲದ ಬೀದಿಯಲ್ಲಿ ನೀನೇ ದಾರಿಯಾಗಿರು. ಅವರ ರೂಮು ಎಷ್ಟೇ ಸಣ್ಣದಿರಲಿ, ಬಾಗಿಲು ತಟ್ಟುವ ಒಬ್ಬರನ್ನ ಕಳಿಸು. ಅವರನ್ನೂ ಇನ್ನೊಬ್ಬರ ಬಾಗಿಲಿಗೆ ಕಳಿಸು. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ. ಆಮೆನ್.